ಕುಡಿಯದ ಗುರುಲಿಂಗಪ್ಪನವರ ಲಿವರ್

ಗೆಳೆಯರೇ, ಇವತ್ತು ನನ್ನ ಕ್ಲಿನಿಕ್ಕಿನಲ್ಲೇ ನನಗೆ ತಲೆ ಎತ್ತಲಾಗಲಿಲ್ಲ.

ಇಲ್ಲಿ ಕಾಶಿಯ ಮಠವೊಂದರಲ್ಲಿ ಅಡುಗೆ ಮಾಡುವ ಬೀದರಿನ ಗುರುಲಿಂಗಪ್ಪನವರಿಗೆ ಹೋದ ವರ್ಷ ಲಿವರ್ ಕೆಟ್ಟಿತ್ತು. "ಮೊದಲು ಕುಡಿತ ಬಿಡಿ" ಎಂದು ಹೆಂಡತಿಯ ಎದುರೇ ಗದರಿದ್ದೆ. "ನಾ ಮುಟ್ಟೇ ಇಲ್ರೀ" ಎಂದರೂ ನಂಬಲಿಲ್ಲ. ರಕ್ತದಲ್ಲಿ ವೈರಸ್ ಇದೆಯೇ ಎಂದು ನೋಡಿಸಲೂ ಇಲ್ಲ.

ಕಾಯಿಲೆ ಹೆಚ್ಚಾಗಿ ಮತ್ತೆ ಬಂದಾಗ ಮಾಡಿಸಿದ ರಕ್ತ ಪರೀಕ್ಷೆ, ಸ್ಕ್ಯಾನಿನ ರಿಪೋರ್ಟ್ ಇವತ್ತು ಬಂತು. ಹೆಪಟೈಟಿಸ್ ಬಿ ವೈರಸ್ ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಲಿವರನ್ನು ಹಾಳು ಮಾಡಿದೆ. ಈಗ ಕ್ಯಾನ್ಸರ್.

"ತಪ್ಪು ನನ್ನದು" ಎಂದೆ.

ಅವರ ಹೆಂಡತಿ ಅತ್ತುಬಿಟ್ಟರು. "ನಿಮ್ಮ ಮಾತು ನಂಬಿ ವರ್ಷಾತು ಸಾಹೇಬ್ರ, ದಿನಾ ಇವರ ಬಾಯಿ ಮೂಸಿ ನೋಡೇ ಅಡಗಿಮನಿಗೆ ಬಿಡತಿದ್ದೆ."

"ಇರ್ಲಿ ಬಿಡ್ರಿ, ಈಗಾದ್ರೂ ಔಷಧ ಬರೀರಿ" ಎಂದು ಗುರುಲಿಂಗಪ್ಪನವರೇ ನನ್ನನ್ನು ಸಮಾಧಾನಪಡಿಸಿದರು.

ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ, ಸೋಂಕು ತಗುಲಿರಬಹುದೆಂದು ಹೆಂಡತಿಗೂ ರಕ್ತ ಪರೀಕ್ಷೆ ಬರೆದೆ. ಮುಂಬಾಗಿಲಿನ ಮೇಲೆ ನನ್ನ ಹೆಸರು, ಡಿಗ್ರಿಗಳು ಎಲ್ಲ ಇವೆ. ಹಿಂಬಾಗಿಲಿನಿಂದ ಮನೆಗೆ ಬಂದೆ.