ಮಾವನಿಗೆ ಕೇಳಿಸಿದ ‘ಕಟ್’

ಏಳನೇ ಕ್ಲಾಸಿಗೇ ಸಾಲಿ ಬಿಟ್ಟು ಹಳಿಯಾಳದ ಗ್ಯಾರೇಜು ಸೇರಿದವನು ನಾನು. ಅಲ್ಲಿ ದುಡಿದ ದುಡ್ಡಿನಲ್ಲೇ ನನ್ನ ಮೊದಲ ಸಿನಿಮಾ ತೆಗೆದೆ, ಯಾರ ಮುಂದೂ ಕೈ ಚಾಚಲಿಲ್ಲ. ಕೊನೆಯ ದೃಶ್ಯವೊಂದು ಉಳಿದಿತ್ತು. ಬಾಡಿಗೆ ಕ್ಯಾಮೆರಾ ಸಂಜೆ ಬಸ್ಸಿಗೆ ಹುಬ್ಬಳ್ಳಿಗೆ ವಾಪಸ್ ಹೋಗಬೇಕಿತ್ತು.

ಕಥೆಯಲ್ಲಿ ಮುದುಕನೊಬ್ಬ ವಯಸ್ಸಾದ ತನ್ನ ಎತ್ತನ್ನು ಬಿಚ್ಚಿ ಕಾಡಿನ ಕಡೆ ಬಿಟ್ಟುಬಿಡುತ್ತಾನೆ. ಮುದುಕನ ಪಾತ್ರ ತೇರಗಾಂವದ ನಮ್ಮ ಸೋದರಮಾವನದು, ಎತ್ತೂ ಅವನದೇ. ಮಾವ ಬಿಚ್ಚಿದ, ಎತ್ತು ಹೊರಟಿತು, ಅಷ್ಟರಲ್ಲಿ ಹಿಂದೆ ಟ್ರ್ಯಾಕ್ಟರ್ ಬಂತು. ನಾನು "ಕಟ್!" ಅಂತ ಕೂಗಿದೆ. ಮಾವ ಓಡಿಹೋಗಿ ಎತ್ತನ್ನು ಹಿಡಿದು ತಂದು ಗೂಟಕ್ಕೆ ಬಿಗಿಯಾಗಿ ಕಟ್ಟಿದ.

"ಮಾಮಾ, ಕಟ್ ಅಂದ್ರ ನಿಲ್ಲಿಸೂದು!"

"ಕಟ್ಟಿದ್ರ ತಾನ ನಿಲ್ಲತೈತಿ. ಅಷ್ಟೂ ತಿಳಿಯಂಗಿಲ್ಲೇನೋ ಡೈರೆಕ್ಟರಗ?"

ಎರಡನೇ ಸಲ ಎತ್ತು ಗೋವಿನಜೋಳದ ಹೊಲದ ಬದುವಿಗುಂಟ ಚಂದಾಗಿ ಸಾಗಿತು. ಬಿಸಿಲು ಇಳಿಯುತ್ತಿತ್ತು, ಮತ್ತೊಮ್ಮೆ ತೆಗೆಯುವಂತಿರಲಿಲ್ಲ. ಅದು ಮರಗಳ ಹಿಂದೆ ಮರೆಯಾದರೆ ನನ್ನ ಸಿನಿಮಾ ಮುಗಿದಂತೆ. ಆದರೆ ಎತ್ತು ನಡುವೆಯೇ ನಿಂತಿತು, ಹೊರಳಿ ನೋಡಿತು, ಸೀದಾ ಬಂದು ಗೂಟದ ಹತ್ತಿರ ನಿಂತುಬಿಟ್ಟಿತು.

"ಕೆಟ್ಟೋತ್ರಿ, ಕಟ್ ಅನ್ರಿ," ಕ್ಯಾಮೆರಾದವನು ಪಿಸುಗುಟ್ಟಿದ. ನಾನು ಎತ್ತನ್ನೇ ನೋಡುತ್ತಿದ್ದೆ. ಮಾವ ಎತ್ತಿನ ಕುತ್ತಿಗೆ ಸವರುತ್ತಾ, ನನ್ನ ಕಡೆ ನೋಡದೆಯೇ ಮೆಲ್ಲಗೆ ಕೇಳಿದ: "ಈಗರ ಕಟ್ಟಲೇನೋ?"

"ಕಟ್ಟು ಮಾಮಾ," ಅಂದೆ.

ಮಾವ ಎತ್ತು ಕಟ್ಟಿದ, ಕ್ಯಾಮೆರಾದವನು ಕ್ಯಾಮೆರಾ ನಿಲ್ಲಿಸಿದ. ನನ್ನ ಸಿನಿಮಾ ಈಗ ಆ ಎರಡು ಮಾತಿನ ಮೇಲೇ ಮುಗಿಯುತ್ತದೆ.