ಮಾವನವರ ವಾಕಿಟಾಕಿ

ನಮ್ಮ ಮಾವನವರ ಎಡಗಿವಿ ಬಲಗಿವಿಗಿಂತ ಒಂದು ಬೆರಳು ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ ಅದು. ಕ್ರೇನಿನ ಇಂಜಿನ್ ಪಕ್ಕ ವರ್ಷಗಟ್ಟಲೆ ನಿಂತು ಅವರ ಬಲಗಿವಿ ಮುಕ್ಕಾಲು ಪಾಲು ಕಿವುಡಾಗಿತ್ತು. ಯಾರು ಮಾತಾಡಿದರೂ ಎಡಗಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ತಳ್ಳಿ ಕೇಳೋರು. ತಳ್ಳಿ ತಳ್ಳಿ ಅದು ಹಾಗೇ ನಿಂತುಬಿಟ್ಟಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆ ಕಿವಿ ನೋಡಿ ನಾನು ಸೆರಗಿನೊಳಗೆ ನಕ್ಕಿದ್ದೂ ಉಂಟು.

ಕಮಲಾಪುರದ ಸುತ್ತಮುತ್ತ ಅವರು ಬಾವಿ ತೋಡುವ ಗುತ್ತಿಗೆ ಹಿಡಿಯುತ್ತಿದ್ದರು. ಕೆಂಪು ಬಾಳೆಯ ತೋಟಗಳಿಗೆ ನೀರು ಸಾಲದಾದಾಗ ಹಳೆಯ ಬಾವಿಗಳನ್ನು ಇನ್ನಷ್ಟು ಆಳ ಮಾಡುವುದು ಅವರ ಕೆಲಸ. ಬಾವಿಯ ದಂಡೆಯ ಮೇಲೆ ಕ್ರೇನು, ಅದರ ಹಗ್ಗಕ್ಕೆ ಕಬ್ಬಿಣದ ದೊಡ್ಡ ಬಕೆಟ್. ಕೆಳಗೆ ನನ್ನ ಗಂಡ ಮತ್ತು ಮೂವರು ಆಳುಗಳು ಕಲ್ಲು ಒಡೆದು ಬಕೆಟ್ ತುಂಬುತ್ತಿದ್ದರು. ಮೇಲಿನವನಿಗೆ ಕೆಳಗಿನದು ಕಾಣುತ್ತಿರಲಿಲ್ಲ. ಕೆಳಗಿನವರ ಕೂಗು ಇಂಜಿನ್ ಸದ್ದಿನಲ್ಲಿ ಮೇಲೆ ಬರುತ್ತಿರಲಿಲ್ಲ. ನಡುವೆ ಒಬ್ಬ ದಂಡೆಯ ಮೇಲೆ ಬೋರಲು ಮಲಗಿ ಕೈ ಬೀಸಿ ಹೇಳಬೇಕು. ಇಷ್ಟರ ಮೇಲೆ ನಾಲ್ಕು ಜೀವ ನಿಂತಿದ್ದವು, ಅದರಲ್ಲಿ ಒಂದು ನನ್ನದೇ ಅನ್ನಿ.

ಒಂದು ಸಲ ಹೀಗೇ ಕೈಸನ್ನೆ ತಡವಾಗಿ, ತುಂಬಿದ ಬಕೆಟ್ ಓಲಾಡಿ ಒಬ್ಬ ಆಳಿನ ಭುಜಕ್ಕೆ ಬಡಿಯಿತು. ಜೀವ ಉಳಿಯಿತು, ತೋಳು ಮಾತ್ರ ಮೊದಲಿನಂತೆ ಮೇಲಕ್ಕೆ ಏಳಲಿಲ್ಲ. ಮಾವ ಎಂಟು ದಿನ ಕೆಲಸ ನಿಲ್ಲಿಸಿದರು. ಜೋಳದ ರೊಟ್ಟಿ ಮುಂದಿಟ್ಟರೆ ಮುರಿದು ಮುರಿದು ತಾಟಿನಲ್ಲೇ ಬಿಡೋರು. ಆಮೇಲೆ ಒಂದು ಮುಂಜಾನೆ ಅತ್ತೆಗೆ ಹೇಳಿದರು, "ಕೈ ಬೀಸೋದರ ಮ್ಯಾಲ ಜೀವ ಇಡೋದು ಸಾಕು. ಪೊಲೀಸರ ಬಲ್ಲಿ ಇರ್ತದಲ್ಲ, ಆ ವಾಕಿಟಾಕಿ ತರ್ತೀನಿ."

ಮೊಬೈಲು ಆಗ ತಾನೇ ಕಮಲಾಪುರಕ್ಕೆ ಕಾಲಿಟ್ಟಿತ್ತು. ಬಾವಿಯ ತಳದಲ್ಲಿ ಅದಕ್ಕೆ ಜೀವವೇ ಇರುತ್ತಿರಲಿಲ್ಲ.

ಆ ಮನೆಯ ಪದ್ಧತಿ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೊಸೆ ಮಾವನ ಎದುರಿಗೆ ಮಾತಾಡುವಂತಿರಲಿಲ್ಲ. ಅವರು ಬಂದರೆ ತಲೆ ಮೇಲೆ ಸೆರಗು, ಬಾಯಿಗೆ ಬೀಗ. ನಾನೇನೋ ಕಲಬುರ್ಗಿಯ ಸೇಡಂ ರಸ್ತೆಯ ಮನೆಯಲ್ಲಿ ಅಪ್ಪನ ಜೊತೆ ವಾದ ಮಾಡಿ ಬೆಳೆದವಳು, ಪಿಯುಸಿ ಪಾಸಾದವಳು. ನನ್ನ ಹಠವೆಲ್ಲ ಕಮಲಾಪುರದ ಹೊಸ್ತಿಲಿನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಒಳಗೆ ಬರಬೇಕಾಯಿತು. ಅವರಿಗೆ ನನ್ನಿಂದ ಏನಾದರೂ ಬೇಕಾದರೆ ಅತ್ತೆಗೆ ಹೇಳೋರು, ಅತ್ತೆ ನನಗೆ ಹೇಳೋರು. ನಾನು ಅತ್ತೆಗೆ, ಅತ್ತೆ ಅವರಿಗೆ. ಒಂದೇ ಪಡಸಾಲೆಯಲ್ಲಿ ಮೂವರೂ ನಿಂತಿರುತ್ತಿದ್ದೆವು.

ವಾಕಿಟಾಕಿ ಕೊಳ್ಳಲು ಕಲಬುರ್ಗಿಗೆ ಹೊರಟಾಗ ಡಬ್ಬಿ ಮೇಲಿನ ಇಂಗ್ಲಿಷ್ ಓದಲಿ ಎಂದು ನನ್ನನ್ನೂ ಕರೆದೊಯ್ದರು. ಜೊತೆಗೆ ಅತ್ತೆ ಇರಲೇಬೇಕಲ್ಲ, ಇಲ್ಲದಿದ್ದರೆ ನಮ್ಮ ಮಾತು ದಾಟಿಸೋರು ಯಾರು? ಮೋಮಿನಪುರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಒಬ್ಬ ಭಾಯ್ ಇದ್ದ. ಅವನು ನಾಲ್ಕೈದು ಜೋಡಿ ಸೆಟ್ ತೆಗೆದು ಗಾಜಿನ ಮೇಲೆ ಇಟ್ಟ.

"ಇದು ನೋಡ್ರಿ ಸಾವ್ಕಾರ್ರೆ, ಐದು ಕಿಲೋಮೀಟರ್ ಹೋಗ್ತದ. ಬಹುತ್ ಬಢಿಯಾ."

"ನನ್ನ ಬಾವಿ ಐದು ಕಿಲೋಮೀಟರ್ ಇಲ್ಲಪ್ಪ. ಅಷ್ಟು ತೋಡಿದ್ರ ಪಾತಾಳದಾಗಿನ ಮಂದಿ ಬಾಡಿಗಿ ಕೇಳ್ತಾರ," ಅಂದರು ಮಾವ.

ಭಾಯ್ ನಕ್ಕು ಇನ್ನೊಂದು ವಿಷಯ ನೆಟ್ಟಗೆ ಹೇಳಿದ. ದೊಡ್ಡ ಪವರಿನ ಸೆಟ್ಟಿಗೆ ಸರ್ಕಾರದ ಲೈಸನ್ಸ್ ಬೇಕು, ಸಣ್ಣವುಗಳಲ್ಲಿ ಲೈಸನ್ಸ್ ಇಲ್ಲದೆ ಬಳಸುವಂಥವು ಈಗ ಬಂದಿವೆ, ನಿಮಗೆ ಅದೇ ಸಾಕು ಎಂದ. ಮಾವ ಒಪ್ಪಿದರು. ಇನ್ನು ಅವರ ಪರೀಕ್ಷೆ ಶುರುವಾಯಿತು ನೋಡಿ, ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ.

ಮೊದಲು ಗುಂಡಿ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಒತ್ತಿದರು, ಕೆಸರುಗೈಯಲ್ಲಿ ಒತ್ತಿದಂತೆ. ಎರಡು ಸೆಟ್ಟು ಅಲ್ಲೇ ಹಿಂದಕ್ಕೆ ಹೋದವು. ಆಮೇಲೆ ಸೆಲ್ಲು. ಚಾರ್ಜು ಮಾಡುವಂಥದ್ದು ಬೇಡ, ಕರೆಂಟು ಇದ್ದಾಗ ಕೆಲಸ ಇರುವುದಿಲ್ಲ, ಕೆಲಸ ಇದ್ದಾಗ ಕರೆಂಟು ಇರುವುದಿಲ್ಲ. ಕಮಲಾಪುರದ ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲು ಹಾಕುವಂಥದ್ದೇ ಆಗಬೇಕು. ಕೊನೆಗೆ ಅಂಗಡಿ ಮುಂದೆ ನಿಂತಿದ್ದ ಆಟೋದವನಿಗೆ ಇಂಜಿನ್ ಜೋರು ಮಾಡಿಸಿ, ಅತ್ತೆಯ ಕೈಗೆ ಒಂದು ಸೆಟ್ ಕೊಟ್ಟು ಓಣಿಯ ಕೊನೆಗೆ ಕಳಿಸಿದರು. ಇನ್ನೊಂದನ್ನು ತಮ್ಮ ಬಲಗಿವಿಗೆ ಹಿಡಿದರು, ಆ ಕಿವುಡು ಕಿವಿಗೆ.

"ಮಾವ ಆ ಕಡಿ ಕಿವಿಗೆ..." ಅಂತ ನನ್ನ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅತ್ತೆ ಏನು ಮಾತಾಡಬೇಕೋ ತಿಳಿಯದೆ ಸಂತೆಯ ಸಾಮಾನೆಲ್ಲ ಹೇಳತೊಡಗಿದರು. ಮೂರನೆಯ ಜೋಡಿಯಲ್ಲಿ ಮಾವನ ಮುಖ ಅರಳಿತು. "ಉಳ್ಳಾಗಡ್ಡಿ ಅಂದ್ಲು. ಈ ಕಿವಿಗೆ ಕೇಳಿತಂದ್ರ ಇಂಜಿನ್ ಬಾಜೂಕ ಎಂಥಾವಗೂ ಕೇಳ್ತದ. ಇದನ್ನ ಕಟ್ಟು."

ಅದು ಅಂಗಡಿಯಲ್ಲೇ ಎಲ್ಲಕ್ಕಿಂತ ಅಗ್ಗದ ಜೋಡಿಯಾಗಿತ್ತು. ನೋಡಲು ಇಟ್ಟಿಗೆ ಹಾಗೆ ಇತ್ತು. ಮನೆಗೆ ತಂದು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಎರಡಕ್ಕೂ ಅಂಗಿ ತೊಡಿಸಿದರು, ಬಿದ್ದರೆ ಪೆಟ್ಟಾಗಬಾರದು, ನೀರು ತೊಟ್ಟಿಕ್ಕಿದರೆ ಒಳಗೆ ಹೋಗಬಾರದು ಎಂದು. ಪ್ರತಿ ಸೋಮವಾರ ಸೆಲ್ಲು ಬದಲಿಸೋರು. ಇನ್ನೂ ಜೀವ ಇದ್ದ ಹಳೆ ಸೆಲ್ಲುಗಳು ನಮ್ಮ ಗೋಡೆ ಗಡಿಯಾರಕ್ಕೆ, ಅಕ್ಕಪಕ್ಕದ ಮನೆಯವರ ಬ್ಯಾಟರಿಗಳಿಗೆ ಹೋಗುತ್ತಿದ್ದವು.

ತೊಂದರೆ ಬಂದದ್ದು ಸೆಟ್ಟಿನಿಂದ ಅಲ್ಲ, ನಮ್ಮ ಮಂದಿಯ ಮರ್ಯಾದೆಯಿಂದ. ಕ್ರೇನ್ ನಡೆಸುವವನ ಎರಡೂ ಕೈ ಕೆಲಸದಲ್ಲಿ ಇರುತ್ತಿದ್ದವು. ಹಾಗಾಗಿ ಅವನ ಪಕ್ಕದಲ್ಲಿ ಒಬ್ಬರು ಸೆಟ್ ಹಿಡಿದು ಕೂತು, ಕೆಳಗಿನಿಂದ ಬಂದ ಮಾತನ್ನು ಹೇಳಬೇಕು. ಗುಂಡಿ ಒತ್ತಿದರೆ ನಿಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಮಾವ ತಾವೇ ಬಾವಿಗೆ ಇಳಿದು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದರು. ನಮ್ಮ ಕಡೆ ಹಿರಿಯರು ಮಾತಾಡುವಾಗ ನಡುನಡುವೆ "ಹ್ಞೂಂರೀ, ಹ್ಞೂಂರೀ" ಅನ್ನದಿದ್ದರೆ ಸೊಕ್ಕಿನವ ಅಂತಾರೆ. ಸಾವ್ಕಾರ್ರ ದನಿ ಕೇಳಿದ್ದೇ ತಡ, ಮೇಲಿದ್ದವನ ಹೆಬ್ಬೆರಳು ತಾನೇ ಗುಂಡಿ ಒತ್ತುತ್ತಿತ್ತು, ಬಾಯಿ ತಾನೇ "ಹ್ಞೂಂರೀ" ಅನ್ನುತ್ತಿತ್ತು. ಅಷ್ಟರಲ್ಲಿ ಅರ್ಧ ಮಾತು ಗಾಳಿಗೆ ಹೋಗಿರುತ್ತಿತ್ತು.

"ಹ್ಞೂಂ ಅನಬ್ಯಾಡ್ರೋ. ಸುಮ್ಮಕ ಕೇಳೋದೂ ಮರ್ಯಾದೀನ ಅದ," ಅಂತ ಕೆಳಗಿನಿಂದ ಹೇಳಿದರೆ ಮೇಲಿದ್ದವ ಅದಕ್ಕೂ "ಹ್ಞೂಂರೀ" ಎನ್ನುತ್ತಿದ್ದ. ಕ್ರೇನಿನವನ ತಮ್ಮ ಸೋತ, ತೋಟದ ಮಾಲಕ ಸೋತ, ಪಂಚಾಯಿತಿಯಲ್ಲಿ ಭಾಷಣ ಮಾಡುವ ನಮ್ಮ ದೊಡ್ಡಮಾವನೂ ಸೋತ.

ಅವತ್ತು ನಾನು ಹೊಲಕ್ಕೆ ಬುತ್ತಿ ತಂದಿದ್ದೆ. ಬೇಸತ್ತ ಕ್ರೇನಿನವ ಸೆಟ್ಟನ್ನು ನನ್ನ ಕೈಗೆ ಹಿಡಿಸಿ ನೀರು ಕುಡಿಯಲು ಹೋದ. ಕೆಳಗಿನಿಂದ ಮಾವನ ದನಿ ಬಂತು, ಮೇಲೆ ಯಾರಿದ್ದಾರೆಂದು ಅವರಿಗೆ ಗೊತ್ತಿಲ್ಲ. ಒಂದು ಉದ್ದ ಮಾತು ಹೇಳಿದರು. ನಾನು ಎಂದಿನಂತೆ ಸೆರಗು ಸರಿಮಾಡಿಕೊಂಡು, ಬಾಯಿ ಮುಚ್ಚಿಕೊಂಡು ಕೇಳಿದೆ. ಅವರ ಮಾತು ಮುಗಿಯಿತು. ಇನ್ನು ಅತ್ತೆ ಇಲ್ಲ, ಯಾರೂ ಇಲ್ಲ. ಗುಂಡಿ ಒತ್ತಿ ಅಂದೆ:

"ಪಡುವಣ ಗ್ವಾಡಿಗೆ ನೀರು ಒಸರಾಕತ್ತದ, ಬಕೆಟ್ ಮೂಡಲ ಕಡಿ ಇಳಸ್ಬೇಕು, ನಾಳೆ ಎರಡು ಹಾರಿ ಜಾಸ್ತಿ ಬೇಕು. ಇಷ್ಟೇ ಏನ್ರಿ?"

ಕೆಳಗಿನಿಂದ ದನಿ ಬಂತು, "ಯಾರವ್ವಾ, ನೀ ಏನು?"

ಮೇಲೆ ಬಂದ ಮಾವ ಅತ್ತೆಯನ್ನು ಕರೆಸಿ ಹೇಳಿದರು, "ನಾಳಿಂದ ಸೆಟ್ ಹಿಡಿಯಾಕಿ ಇಕಿನ. ಇಡೀ ಕಮಲಾಪುರದಾಗ ನನ್ನ ಮಾತು ಸುಮ್ಮಕ ಕೇಳಾಕಿ ಇಕಿ ಒಬ್ಬಾಕಿನ ಅದಾಳ."

ಅತ್ತೆ ಸುಮ್ಮನಿರುತ್ತಾರೆಯೇ? "ಮಂದಿ ಏನಂತಾರ? ಸೊಸಿ ಗಂಡಸರ ನಡುವ ಕುಂತು ಮಾವನ ಕೂಡ ಮಾತಾಡ್ತಾಳಂತ..."

"ಮಂದಿ ಬಾವ್ಯಾಗ ಇಳ್ಯಂಗಿಲ್ಲ. ನಿನ್ನ ಮಗ ಇಳೀತಾನ," ಅಂದರು.

ಹೀಗೆ ನಾನು ಕೆಲಸಕ್ಕೆ ಕೂತೆ, ಆಳುಗಳ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ, ಆದೆ. ಅವರ ಪಾಠ ಚಿಕ್ಕದು. ಗುಂಡಿ ಒತ್ತು, ಒಂದು ಉಸಿರು ತಗೋ, ಆಮೇಲೆ ಮಾತಾಡು, ಇಲ್ಲದಿದ್ದರೆ ಮೊದಲ ಅಕ್ಷರ ಉಳಿದುಬಿಡುತ್ತದೆ. ಮಾತು ಮುಗಿದರೆ "ಆತ್ರಿ" ಅನ್ನು, ಗುಂಡಿ ಬಿಡು. ಚೀರಬೇಡ. "ದನಿ ದೊಡ್ಡದಾದ್ರ ಮಾತು ದೊಡ್ಡದಾಗಂಗಿಲ್ಲವ್ವಾ," ಅನ್ನೋರು. ಬಾವಿಯೊಳಗಿನಿಂದ ನನ್ನ ಜೊತೆ ಧಾರಾಳ ಮಾತಾಡುತ್ತಿದ್ದ ಮನುಷ್ಯ ಮೇಲೆ ಬಂದೊಡನೆ ಮುಖ ಆ ಕಡೆ ತಿರುಗಿಸಿ ಅತ್ತೆಯನ್ನು ಹುಡುಕುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಆ ಬೇಸಿಗೆಯ ಕೊನೆಯ ಬಾವಿ ತಾಜಸುಲ್ತಾನಪುರದ ಹತ್ತಿರ. ಅವತ್ತು ಮಾವನೂ ಕೆಳಗೆ ಇಳಿದಿದ್ದರು. ತಳದಲ್ಲಿ ಅವರು, ನನ್ನ ಗಂಡ, ಮೂವರು ಆಳುಗಳು. "ಎತ್ತು, ಆತ್ರಿ," ಅಂತ ಮಾತು ಬಂತು. ಹಗ್ಗ ಬಿಗಿಯಾಯಿತು, ತುಂಬಿದ ಬಕೆಟ್ ನೆಲ ಬಿಟ್ಟಿತು. ನಾನು ಕೂತ ಕಡೆಯಿಂದ ಕ್ರೇನಿನ ಮುಂಗಾಲು ಕಾಣುತ್ತಿತ್ತು. ಅದರ ಕೆಳಗೆ ಹಾಸಿದ್ದ ಮರದ ತೊಲೆಯ ಪಕ್ಕ ಮಣ್ಣು ಬಿರಿದಿತ್ತು. ನೋಡುನೋಡುತ್ತ ಬಿರುಕು ಅಗಲವಾಯಿತು, ಸಣ್ಣ ಕಲ್ಲುಗಳು ಒಂದೊಂದೇ ಒಳಗೆ ಉದುರಿದವು.

"ನಿಂದರಸು," ಅಂದೆ. ಕ್ರೇನಿನವ ನಿಲ್ಲಿಸಿದ. ನಾನು ಗುಂಡಿ ಒತ್ತುವ ಮೊದಲೇ ಕೆಳಗಿನಿಂದ ಮಾವನ ದನಿ ಅಬ್ಬರಿಸಿತು. ಬಕೆಟ್ ಯಾಕ ನಿಂತದ, ಎತ್ರೋ, ಹೊತ್ತು ಹೋಗ್ಲಾಕತ್ತದ. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಸಿಟ್ಟಿನಲ್ಲಿ ಗುಂಡಿ ಒತ್ತಿಹಿಡಿದು ಬಿಡದೆ ಬೈಯುತ್ತಿದ್ದರು. ನನ್ನ ಮಾತು ಹೋಗಲು ದಾರಿಯೇ ಇಲ್ಲ. ಕ್ರೇನಿನವನ ಕೈ ಮತ್ತೆ ಹಿಡಿಕೆಯ ಮೇಲೆ ಬಂತು.

"ವೈನ್ಯಾರ, ಸಾವ್ಕಾರ್ರ ಎತ್ತು ಅನ್ಲಾಕತ್ತಾರ," ಅಂದ. ಅವನದೇನು ತಪ್ಪು, ಹದಿನೈದು ವರ್ಷ ಆ ದನಿಗೆ ಕೆಲಸ ಮಾಡಿದವ.

ನಾನು ಸೆಟ್ಟಿನ ತಿರುಪು ತಿರುವಿ ಮಾವನ ದನಿ ಬಂದ್ ಮಾಡಿದೆ.

"ಈಗ ಅವರ ಮಾತಿಲ್ಲ. ನನ್ನ ಮಾತು ಅದ. ಬಕೆಟ್ ಮೆಲ್ಲಕ ಕೆಳಗ ಬಿಡು. ಇಂಜಿನ್ ಬಂದ್ ಮಾಡು."

ಅವನು ನನ್ನ ಮುಖ ನೋಡಿದ. ತಲೆಯ ಮೇಲಿನ ಸೆರಗು ಎಲ್ಲೋ ಜಾರಿಹೋಗಿತ್ತು. ಬಕೆಟ್ ಇಳಿಯಿತು, ಇಂಜಿನ್ ನಿಂತಿತು. ಸೆಟ್ ಮತ್ತೆ ಚಾಲೂ ಮಾಡಿದೆ. ಅವರು ಗುಂಡಿ ಬಿಟ್ಟಿದ್ದರು. ಒಂದು ಉಸಿರು ತಗೊಂಡೆ.

"ಮಾವ್ರೀ, ಕ್ರೇನಿನ ಕಾಲ್ಕೆಳಗ ದಂಡಿ ಬಿರದದ. ಎಲ್ಲಾರೂ ಮೂಡಲ ಗ್ವಾಡಿಗೆ ಹತ್ತಿ ನಿಲ್ರಿ, ಆ ಕಡಿ ಪಾವಟಿಗಿ ಹಿಡ್ದು ಒಬ್ಬೊಬ್ರೇ ಏರ್ರಿ. ನಿಮ್ಮ ಮಗನ್ನ ಕಡೀಗೆ ನಿಂದ್ರಸಬ್ಯಾಡ್ರಿ. ಆತ್ರಿ."

ಆ ಕೊನೆಯ ಮಾತು ಬಾಯಿ ತಪ್ಪಿ ಬಂತು. ಬಂದದ್ದು ಬಂತು, ಅದು ನನ್ನ ಮನಸ್ಸಿನಲ್ಲಿ ಇದ್ದದ್ದೇ.

ಮೊದಲು ಆಳುಗಳು ಬಂದರು, ಆಮೇಲೆ ನನ್ನ ಗಂಡ, ಎಲ್ಲರ ಹಿಂದೆ ಮಾವ. ಅವರು ಎಡಗಿವಿಯ ಹಿಂದೆ ಕೈ ಇಟ್ಟುಕೊಂಡು "ಎಲ್ಲಿ ಬಿರದದ?" ಎನ್ನುತ್ತ ನನ್ನ ಕಡೆ ಬರುವಷ್ಟರಲ್ಲಿ ದಂಡೆ ಕುಸಿಯಿತು. ತೊಲೆ, ಕಲ್ಲು, ಮಣ್ಣು ಎಲ್ಲ ಬಕೆಟ್ಟಿನ ಮೇಲೆ ಬಿತ್ತು. ಕ್ರೇನು ಮುಂದಕ್ಕೆ ಮುಗ್ಗರಿಸಿ, ಹಿಂದಿನ ಗೂಟಗಳ ಬಲದಿಂದ ನಿಂತಿತು. ಐದು ಜನ ಐದು ನಿಮಿಷ ಮೊದಲು ನಿಂತಿದ್ದ ಜಾಗ ಮಣ್ಣಿನಲ್ಲಿ ಮುಚ್ಚಿಹೋಗಿತ್ತು.

ನಾನು ಸೆಟ್ ಬಂದ್ ಮಾಡಿದ್ದನ್ನು ಕ್ರೇನಿನವ ಒಂದೇ ಉಸಿರಿಗೆ ಹೇಳಿದ. ಮಾವ ಆ ಮಣ್ಣು ನೋಡಿದರು, ಮಗನನ್ನು ನೋಡಿದರು. ಆಮೇಲೆ ಅತ್ತೆಯನ್ನು ಹುಡುಕದೆ ನೇರ ನನ್ನ ಮುಖ ನೋಡಿ ಕೇಳಿದರು, "ನನ್ನ ದನಿ ಬಂದ್ ಮಾಡಿದಾಕಿ ನೀನೇನವ್ವಾ?"

"ಹೌದ್ರಿ. ನಾನ್ರಿ."

"ಚಲೋ ಮಾಡಿದಿ. ಗುಂಡಿ ಒತ್ಕೊಂಡ ನಿಂತಿದ್ದೆ ನಾ. ಎಲ್ಲಾರಿಗೂ ಹೇಳೋದು, ನಾನ ಮಾಡೋದು ಅದನ್ನ." ಕ್ರೇನಿನವನ ಕಡೆ ತಿರುಗಿ ಅಂದರು, "ಕೇಳಿಲ್ಲಿ. ಇನ್ನ ಮ್ಯಾಲ ಇಕಿ ಮಾತೇ ಕಡೀ ಮಾತು. ಕೆಳಗಿಂದ ನಾ ಎಷ್ಟ ಚೀರಿದ್ರೂ, ಇಕಿ ಬ್ಯಾಡಂದ್ರ ಬ್ಯಾಡ."

ಅವತ್ತು ಮನೆಗೆ ಬಂದ ಮೇಲೂ ಅವರು ನನಗೇ ನೀರು ಕೇಳಿದರು, ನನ್ನ ಹೆಸರು ಹಿಡಿದು. ಅತ್ತೆ ಒಂದು ಗಳಿಗೆ ಬೆರಗಾಗಿ ನಿಂತು, "ಸಾಕಾಗಿತ್ತು ನನಗೂ, ನಿಮ್ಮಿಬ್ಬರ ಮಾತು ಹೊತ್ತು ಹೊತ್ತು," ಅಂತ ಒಳಗೆ ಹೋದರು. ಆಮೇಲಿನ ವರ್ಷಗಳಲ್ಲಿ ಎಲ್ಲಿ ಬಾವಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನೂ ಅವರು ನನ್ನ ಕೇಳಿಯೇ ಮಾಡಿದರು. ಯಾರಾದರೂ ಹುಬ್ಬು ಏರಿಸಿದರೆ, "ಇಕಿ ಇಲ್ಲಂದ್ರ ನಾ ಇವತ್ತ ನಿಮಗ ಚಾ ಕುಡಸಾಕ ಇರ್ತಿದ್ದಿಲ್ಲ," ಎಂದುಬಿಡುತ್ತಿದ್ದರು. ನನಗೆ ಅಪ್ಪ ಓದು ಕೊಟ್ಟ. ಓದಿದ್ದನ್ನು ಬಾಯಿಬಿಟ್ಟು ಹೇಳುವ ಹಕ್ಕು ಕೊಟ್ಟವರು ಮಾವ. ಅವರನ್ನು ನಾನು ನನ್ನ ತಂದೆಗಿಂತ ಒಂದು ಗುಂಜಿ ಹೆಚ್ಚೇ ಪ್ರೀತಿಸಿದೆ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಅವರು ಹೋದದ್ದು ಮನೆಯಲ್ಲೇ, ಮಂಚದ ಮೇಲೆ, ಒಂದು ಸಣ್ಣ ಜ್ವರದಲ್ಲಿ. ನಮ್ಮಲ್ಲಿ ಮಣ್ಣು ಮಾಡುವುದು ರೂಢಿ. ಹೊಲದಲ್ಲಿ ಕುಣಿ ತೋಡಲು ಆಳು ಗೊತ್ತು ಮಾಡುತ್ತೇವೆ ಎಂದು ಓಣಿಯ ಹಿರಿಯರು ಹೊರಟರೆ, ಅವತ್ತು ತಾಜಸುಲ್ತಾನಪುರದ ಬಾವಿಯಿಂದ ಏರಿ ಬಂದಿದ್ದ ಆ ಮೂವರೇ ಹಾರೆ, ಸಲಿಕೆ ಹಿಡಿದು ಬಂದರು. ಯಾರಿಗೂ ಕೈ ಹಚ್ಚಲು ಬಿಡಲಿಲ್ಲ. ನನ್ನ ಗಂಡನೂ ಅವರ ಜೊತೆ ಇಳಿದ. ಹಿರಿಯರು, ಬೀಗರು, ಅಯ್ಯನವರು ಎಲ್ಲ ಸುತ್ತ ನಿಂತಿದ್ದರು. ನಾನು ಹೆಂಗಸರ ನಡುವೆ ಅತ್ತೆಯನ್ನು ಹಿಡಿದುಕೊಂಡು ನಿಂತಿದ್ದೆ.

ಆಳೆತ್ತರ ತೋಡಿದ ಮೇಲೆ ಅವರು ಸಲಿಕೆ ನಿಲ್ಲಿಸಿದರು. "ಸಾಕು, ಏರ್ರಿ," ಅಂದರು ಹಿರಿಯರೊಬ್ಬರು. ನಾಲ್ವರಲ್ಲಿ ಯಾರೂ ಅಲುಗಲಿಲ್ಲ. ಕತ್ತೆತ್ತಿ ಇಷ್ಟು ಜನರ ನಡುವೆ ನನ್ನನ್ನು ಹುಡುಕಿದರು.

"ಸಾಕೇನ್ರಿ ವೈನ್ಯಾರ?"

ಅತ್ತೆಯ ಕೈ ಬಿಟ್ಟು ಅಂಚಿಗೆ ಹೋದೆ. ನಾಲ್ಕೂ ಗೋಡೆ ನೋಡಿದೆ, ದಂಡೆ ನೋಡಿದೆ.

"ಸಾಕು," ಅಂದೆ. "ಮ್ಯಾಲ ಬರ್ರಿ."