ಚಾಚಾ ಅವರ ವಾಲಿದ ತಲೆ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಾನು ರಾಯಚೂರಿನ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ, ಎಲ್ಲರೂ ಚಾಚಾ ಎನ್ನುತ್ತಿದ್ದ ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎಂಬುದು ಮನೆಯಲ್ಲಿ ಹೇಳಿದ ಮಾತು. ಮಾಡುತ್ತಿದ್ದುದು ಅವರ ನಕಲಿ, ಅಂದರೆ ಅಣಕ.

ದೇವದುರ್ಗದ ಕಡೆಯಿಂದ ಗಾಡಿ ಬಂದರೆ ಚಾಚಾ ಹತ್ತಿಯೊಳಗಿಂದ ಒಂದು ಕಾಳು ಹೆಕ್ಕಿ, ತಲೆಯನ್ನು ಬಲಕ್ಕೆ ವಾಲಿಸಿ ಕಡಿಯುತ್ತಿದ್ದರು. "ಒಣಗ್ಯಾದ", ಇಲ್ಲವೇ "ಹಸಿ ಅದ". ಅಷ್ಟೇ. ಹಸಿ ಹತ್ತಿ ರಾಶಿಗೆ ಬಿದ್ದರೆ ಒಳಗೊಳಗೇ ಬಿಸಿಯಾಗಿ ಕೆಡುತ್ತದೆ. ಹಾಗಾಗಿ ಆ ಒಂದು ಮಾತಿಗೆ ಗಾಡಿ ಒಳಗೆ ಬರುತ್ತಿತ್ತು, ಇಲ್ಲವೇ ತಿರುಗುತ್ತಿತ್ತು.

ಊಟದ ಬಿಡುವಿನಲ್ಲಿ ಹಮಾಲರ ಮುಂದೆ ನಾನೂ ಕಾಳು ಕಡಿಯುತ್ತಿದ್ದೆ. ಎಲ್ಲರಿಗೂ ಕಾಣಲೆಂದು ಬಾಯಿ ಗವಿಯಂತೆ ತೆರೆದು, ಕತ್ತು ಮುರಿದ ಕೋಳಿಯಂತೆ ತಲೆ ವಾಲಿಸಿ. ಒಮ್ಮೆ ಸಾಹುಕಾರರೂ ಬಾಗಿಲಲ್ಲಿ ನಿಂತು ನಕ್ಕರು. "ಹುಬೇಹೂಬ್ ಅವನಂಗ ಮಾಡ್ತೀಯಲ್ಲೋ!"

ಅದಾದ ಹದಿನೈದು ದಿನಕ್ಕೆ, ಈ ಸಲ ಹತ್ತಿ ಕಮ್ಮಿ, ಕಾಳು ನೋಡಲು ಒಬ್ಬರು ಸಾಕು ಎಂದು ಚಾಚಾ ಅವರನ್ನು ಬಿಡಿಸಿದರು. ಉಳಿದ ಒಬ್ಬ ನಾನು. ಚಾಚಾ ನನ್ನ ಬೆನ್ನು ತಟ್ಟಿ ತಮ್ಮೂರು ಮಾನ್ವಿಗೆ ಹೊರಟುಹೋದರು.

ನನ್ನ ನಕಲಿಯೇ ಅವರ ಕೆಲಸ ತಿಂದಿತೇ? ಅದನ್ನು ಯಾರನ್ನು ಕೇಳುವುದು?

ದೇವದುರ್ಗದ ಕಡೆಯ ಜಾಲಹಳ್ಳಿಯಿಂದ ಬಂದ ಮೊದಲ ಗಾಡಿಗೆ ಎಲ್ಲವನ್ನೂ ಅವರಂತೆಯೇ ಮಾಡಿದೆ. ಏನೂ ತಿಳಿಯಲಿಲ್ಲ. ಅವರದೇ ದನಿಯಲ್ಲಿ "ಒಣಗ್ಯಾದ" ಎಂದೆ. ನಾಲ್ಕನೆಯ ದಿನ ರಾಶಿಯೊಳಗೆ ಕೈಯಿಟ್ಟರೆ ರೊಟ್ಟಿ ಸುಡುವಷ್ಟು ಬಿಸಿ. ಸಾಹುಕಾರರು ಈಗ ನಗಲಿಲ್ಲ. ಮನೆಯಲ್ಲಿ ಹತ್ತಿಕಾಳು ಕಡಿದು ಅಭ್ಯಾಸ ಮಾಡಲು ಕುಳಿತರೆ ಅವ್ವ, "ಎಮ್ಮಿ ತಿನ್ನೂದು ತಿನ್ನಾಕತ್ತೀಯಲ್ಲೋ, ಹಾಲೂ ಕೊಡ್ತೀಯೇನು?" ಎಂದಳು.

ಆಗ ವಾರದ ರಜೆಯಾಗಿದ್ದ ಶುಕ್ರವಾರ ಮಾನ್ವಿಯ ಬಸ್ಸು ಹತ್ತಿದೆ. ಚಾಚಾ ಮನೆಯ ಕಟ್ಟೆಯ ಮೇಲೆ ಕೂತು ತಮ್ಮನ ಅಂಗಡಿಗೆ ಮೆಣಸಿನಕಾಯಿ ಆರಿಸುತ್ತಿದ್ದರು.

"ಚಾಚಾ, ನಾ ನಿಮ್ಮ ನಕಲಿ ಮಾಡ್ತಿದ್ದೆ. ಅದನ್ನ ನೋಡೇ ಸಾಹುಕಾರ್ರು ನಿಮ್ಮನ್ನ ಬಿಡಿಸಿದ್ರೇನ್ರಿ?"

ಅವರು ತಲೆ ವಾಲಿಸಿ ಕೇಳಿಸಿಕೊಂಡರು. "ಮಾಡಿ ತೋರಸು."

ಕಾಳು ಜೇಬಿನಲ್ಲೇ ಇದ್ದವು. ಮಾಡಿದೆ. ಕೆಮ್ಮು ಬರುವವರೆಗೆ ನಕ್ಕರು.

"ಲೇ, ನನ್ನ ಎಡಗಿವಿ ಮಂದ ಅದ, ಎಲ್ಲಾದಕ್ಕೂ ತಲಿ ವಾಲಸೂದು ರೂಢಿ. ನಿನಗೇನ್ ಧಾಡಿ? ಬಾಯಿ ಮುಚ್ಚು ಬೇಟಾ. ಮುಚ್ಚಿ, ದವಡಿ ಹಲ್ಲಿನಾಗ ಕಡಿ."

ತುಟಿ ಬಿಗಿದು ಕಡಿದೆ. ತಲೆಬುರುಡೆಯೊಳಗೇ ಟಕ್ ಎಂದಿತು. ಅವರು ಇನ್ನೊಂದು ಕಾಳನ್ನು ನೀರಿಗೆ ಹಾಕಿ, ಚಹಾ ಕುಡಿದಾದ ಮೇಲೆ ಕೊಟ್ಟರು. ಅದು ಸದ್ದಿಲ್ಲದೆ ಜಜ್ಜಿಹೋಯಿತು.

"ಇಷ್ಟ ದಿನ ಯಾಕ ಹೇಳಲಿಲ್ರಿ?"

"ನೀ ಕೇಳಿದ್ದೆಲ್ಲಿ? ಬರೇ ನೋಡಾಕತ್ತಿದ್ದಿ."

"ಮತ್ತ ನಿಮ್ಮನ್ನ ಬಿಡಿಸಿದ್ದರ ಬಗ್ಗೆ ನಾ ಮೊದಲು ಕೇಳಿದ್ದು?"

"ಇಷ್ಟು ಖರಾಬ್ ನಕಲಿ ನನ್ನ ನೌಕರಿ ತಿಂತದೇನು? ಹೋಗೋ!"

ಹಗುರಾಗಿ ಬಸ್ಸು ಹತ್ತಿದೆ. ಅದು ಖರಾಬ್ ನಕಲಿ ಎಂದು ಸಾಹುಕಾರರಿಗೆ ಗೊತ್ತಿರಲಿಲ್ಲವಲ್ಲ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು.

ಮರುದಿನ ಗಾಡಿ ಬಂತು. ಹಮಾಲರು ನಗಲು ತಯಾರಾಗಿ ಸುತ್ತ ನಿಂತರು. ನಾನು ತಲೆ ನೆಟ್ಟಗಿಟ್ಟೆ.

"ಯಾಕ್ರೀ, ಇವತ್ತ ಚಾಚಾನ ನಕಲಿ ಇಲ್ಲೇನು?" ಎಂದ ಒಬ್ಬ.

ಬಾಯಿ ಮುಚ್ಚಿತ್ತು, ದವಡೆ ಹಲ್ಲಿನ ನಡುವೆ ಕಾಳಿತ್ತು. ನಾನು ಕೇಳುತ್ತಿದ್ದೆ.